ಲಕ್ಷ ಡಾಲರಿನ ಮಾಣಿ

(ಸಾಗರದ ಅಡಿಕೆ ಮಂಡಿ. ಹೊಸನಗರದ ಭಾವ, ತೀರ್ಥಹಳ್ಳಿಯ ಭಾವ.)

"ನಿಮ್ಮ ಮಾಣಿಯ ಅಮೆರಿಕದ ಎಚ್-1ಬಿ ವೀಸಾ ಎಂತಾಯ್ತು ಭಾವ?"

"2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಅರ್ಜಿಗೆ ಲಕ್ಷ ಡಾಲರ್ ಅಂದ. ಕಂಪನಿ ಕೈ ಎತ್ತಿತು."

"ಪ್ರತಿಭೆ ಬೇಡವಂತಾ?"

"ಬೇಕಂತೆ, ವರ್ಷಕ್ಕೆ 85,000. ಇಷ್ಟು ವರ್ಷ ಚೀಟಿ ಎತ್ತಿ ಆರಿಸಿದರು, ಈಗ ಕಾಣಿಕೆ ಡಬ್ಬಿಯನ್ನೂ ಇಟ್ಟರು!"

"ಚೀನಾ ಅದೇ ವರ್ಷದ ಅಕ್ಟೋಬರಿನಿಂದ ಕೆ-ವೀಸಾ ತೆರೆದು ಕರೀತಿದೆಯಲ್ಲ?"

"ಅಲ್ಲಿ ಅವಲಕ್ಕಿ ಸಿಗೂದಿಲ್ಲ ಅಂತಾನೆ."

"ಹಾಗಾದ್ರೆ ತೋಟಕ್ಕೇ ಬರಲಿ."

"ಬಂದರೆ ಮರ ಹತ್ತುವವರ‍್ಯಾರು? ಕೊನೆಗೌಡ ಬೈಕಲ್ಲಿ ಬಂದ, ಮರ ನೋಡಿದ, ದರ ಹೇಳಿದ, ಮುಂಗಡ ಕೇಳಿದ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಶರತ್ತು ಹಾಕಿದರೆ ಪಕ್ಕದ ತೋಟಕ್ಕೆ ಹೋಗ್ತಾನೆ."

"ಟ್ರಂಪಿಗೂ ಎರಡೆಕರೆ ಅಡಿಕೆ ತೋಟ ಕೊಡಿಸಿ ಭಾವ. ಒಂದೇ ಕೊಯ್ಲಿಗೆ ಶುಲ್ಕ ವಾಪಸ್ ತಗೊಳ್ತಾನೆ."