ಮೇಣದಬತ್ತಿ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಣದಬತ್ತಿ ಮಹಾಶಯರ ಸನ್ನಿಧಾನಕ್ಕೆ,

ವಿಶೇಷ ಶಾಲೆಗಳಿಂದ ವಯಸ್ಸು ತುಂಬಿ ಹೊರಬೀಳುವ ಬುದ್ಧಿಮಾಂದ್ಯ ತರುಣ ತರುಣಿಯರಿಗೆ ಮುಂದಿನ ದಾರಿಯನ್ನು ತೋರಲಾರದೆ ಸರ್ಕಾರವೂ ಸಮಾಜವೂ ಬಂಧುವರ್ಗವೂ ಕೈಕಟ್ಟಿ ನಿಂತಿರುವ ಘಳಿಗೆಯಲ್ಲಿ, ಯಾರೂ ಕರೆಯದೆಯೇ ಮುಂದೆ ಬಂದು ಅಷ್ಟೂ ಮಂದಿಗೆ ಆಶ್ರಯವಿತ್ತ ಮಹಾನುಭಾವರು ತಾವೊಬ್ಬರೇ ಆದುದರಿಂದ, ಈ ಪತ್ರವನ್ನು ಮಂತ್ರಿಗಳಿಗಾಗಲಿ ನಿರ್ದೇಶಕರಿಗಾಗಲಿ ಬರೆಯದೆ ನೇರವಾಗಿ ತಮಗೇ ಬರೆಯುವುದು ಉಚಿತವೆಂದು ಭಾವಿಸಿದ್ದೇನೆ. ಕಾಗದದ ಕವರು, ಫಿನಾಯಿಲು, ಕಾಲೊರಸು ಮೊದಲಾದವರನ್ನು ನಾನು ಮರೆತವನಲ್ಲ. ಆದರೆ ಅವರೆಲ್ಲ ಪರಿವಾರ ದೇವತೆಗಳು, ಮೂಲವಿಗ್ರಹ ತಾವು.

ತಮ್ಮ ಔದಾರ್ಯವನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಂದೇ ತಮ್ಮ ಸ್ವಂತ ಉದ್ಯೋಗಕ್ಕೆ ಸಂಚಕಾರ ಬಂದಿತು. ಅಂದಿನಿಂದ ದೇವಾಲಯದಲ್ಲಿ ಎಣ್ಣೆಯೂ ಮನೆಯಲ್ಲಿ ವಿದ್ಯುದ್ದೀಪವೂ ತಮ್ಮನ್ನು ಹೊರಗಿಟ್ಟಿರಲು, ಕರೆಂಟು ಹೋದಾಗ ಮಾತ್ರ ಡ್ರಾಯರಿನ ಮೂಲೆಯಿಂದ ಹುಡುಕಿಸಿಕೊಳ್ಳುವ ಈ ದುರವಸ್ಥೆಯಲ್ಲಿಯೂ, ಪರರಿಗೆ ಜೀವನೋಪಾಯವನ್ನು ಕಲ್ಪಿಸುವ ಭಾರವನ್ನು ತಾವು ಹೊತ್ತಿರುವುದು ಸಾಮಾನ್ಯ ಸಂಗತಿಯೆ?

ತಮ್ಮ ನಿರ್ಮಾಣಕಾರ್ಯವನ್ನು ಒಂದು ವೃತ್ತಿ ತರಬೇತಿ ಘಟಕದಲ್ಲಿ ಕಣ್ಣಾರೆ ಕಾಣುವ ಭಾಗ್ಯ ನನಗೆ ದೊರೆಯಿತು. ಕುದಿಯುವ ಮೇಣದ ಬಳಿಗೆ ಮಕ್ಕಳು ಹೋಗಕೂಡದೆಂಬುದು ಅಲ್ಲಿಯ ನಿಯಮ. ಆದುದರಿಂದ ಒಲೆಯನ್ನು ಹಚ್ಚಿದವರು ಟೀಚರು, ಮೇಣವನ್ನು ಕರಗಿಸಿದವರು ಆಯಾ, ಅಚ್ಚಿಗೆ ಎಣ್ಣೆ ಸವರಿ ದಾರ ಬಿಗಿದು ಹುಯ್ದವರು ಮತ್ತೆ ಟೀಚರು. ಆರಿದ ಮೇಲೆ ಅಂಚಿನಲ್ಲಿ ಉಳಿದ ಮೇಣವನ್ನು ಹೆರೆದು, ‘ವಿಶೇಷ ಮಕ್ಕಳ ಕೈಯಿಂದ’ ಎಂಬ ಚೀಟಿಯನ್ನು ಅಂಟಿಸುವ ಕೆಲಸ ಮಾತ್ರ ವಿಶೇಷ ಮಕ್ಕಳದು. ಆ ಮಕ್ಕಳಲ್ಲೊಬ್ಬನಿಗೆ ದಟ್ಟವಾದ ಮೀಸೆಯಿತ್ತು. ಅವನು ಆ ಚೀಟಿಯನ್ನೇ ಎಷ್ಟು ವರ್ಷಗಳಿಂದ ಅಂಟಿಸುತ್ತಿದ್ದಾನೆಂದು ಕೇಳಿದಾಗ, ‘ತರಬೇತಿ ನಡೀತಾ ಇದೆ ಸಾರ್’ ಎಂಬ ಉತ್ತರ ಬಂದಿತು. ತರಬೇತಿಯೇ ವೃತ್ತಿಯಾಗಿ ಪರಿಣಮಿಸಿರುವ ಈ ಅದ್ವೈತಸಿದ್ಧಿಯನ್ನು ಕಂಡು ನಾನು ಮೂಕನಾದೆನು.

ಶಾಸನಗಳು ಮೂಕವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಗಣನೀಯ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣವನ್ನು ವಿಧಿಸಿ, ಅನಂತರದ ಜೀವನಕ್ಕೆಂದು ಸರ್ಕಾರಿ ನೌಕರಿಗಳಲ್ಲಿ ಶೇಕಡ 4ರ ಮೀಸಲಾತಿಯನ್ನು ಇತ್ತಿದೆ. ಅದರಲ್ಲಿ ಶೇಕಡ ಒಂದನ್ನು ಮಾತ್ರ ಸ್ವಲೀನತೆ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಾಸ್ಥ್ಯ, ಬಹುವಿಧ ವೈಕಲ್ಯ ಇವರೆಲ್ಲರೂ ಸಹೋದರರಂತೆ ಹಂಚಿಕೊಳ್ಳತಕ್ಕದ್ದು. ಇಂಥವರಿಗೆ ಮಾರುಕಟ್ಟೆಯೊಡನೆ ಸಕ್ರಿಯ ಸಂಬಂಧವುಳ್ಳ ಕೌಶಲ ತರಬೇತಿಯನ್ನು ಕೊಡಬೇಕೆಂದು ಅದೇ ಅಧಿನಿಯಮದ 19ನೆಯ ಪ್ರಕರಣ ಹೇಳುತ್ತದೆ. ಈ ಸಕ್ರಿಯ ಸಂಬಂಧವೆಂಬುದು ದೀಪಾವಳಿಯ ಹಿಂದಿನ ವಾರ ಯಾವುದೋ ಕಂಪೆನಿಯ ಕಾರಿಡಾರಿನಲ್ಲಿ ಒಂದು ಮೇಜನ್ನು ಹಾಕುವುದರ ಮೂಲಕ ನೆರವೇರುತ್ತದೆಂಬುದನ್ನು ತಮಗೆ ತಿಳಿಸಬೇಕಾದುದಿಲ್ಲ. ಆ ಮೇಜಿನ ಮೇಲೆ ಆಸೀನರಾಗಿರುವವರು ತಾವೇ.

ಹದಿನೆಂಟು ತುಂಬಿದ ದಿವಸ ಇನ್ನೊಂದು ವಿನೋದ ನಡೆಯುತ್ತದೆ. ‘ನಿಮ್ಮ ಮಗ ಪ್ರಾಪ್ತವಯಸ್ಕನಾದ, ಇನ್ನು ಶಾಲೆಯಲ್ಲಿಟ್ಟುಕೊಳ್ಳಲಾಗದು’ ಎಂದು ಒಂದು ಕಡೆಯವರು ಹೇಳಿದರೆ, ‘ಪ್ರಾಪ್ತವಯಸ್ಕನಾದರೇನಾಯಿತು, ಇವನ ಸಹಿ ನಡೆಯದು’ ಎಂದು ಬ್ಯಾಂಕಿನವರು ಹೇಳುತ್ತಾರೆ. ನಿನ್ನೆಯವರೆಗೆ ಅವನ ಪರವಾಗಿ ಎಲ್ಲ ಕಾಗದಗಳಿಗೂ ರುಜು ಹಾಕುತ್ತಿದ್ದ ತಾಯಿ, 1999ರ ರಾಷ್ಟ್ರೀಯ ನ್ಯಾಸದ ಕಾನೂನಿನ ಮೇರೆಗೆ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಅರ್ಜಿ ಹಿಡಿದು ನಿಂತು, ತಾನು ಹೆತ್ತ ಮಗನಿಗೆ ತನ್ನನ್ನು ಪಾಲಕಳನ್ನಾಗಿ ನೇಮಿಸಬೇಕೆಂದು ಪ್ರಾರ್ಥಿಸಬೇಕಾಗುತ್ತದೆ. ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ದೊಡ್ಡವನೂ ಚಿಕ್ಕವನೂ ಆಗುವ ಇಂಥ ಪವಾಡವನ್ನು ಪುರಾಣಗಳಲ್ಲಿಯೂ ನಾನು ಕಾಣೆ. ‘ನಮ್ಮ ನಂತರ ಇವನ ಗತಿ ಏನು?’ ಎಂದು ಆ ತಾಯಿ ಕೇಳಿದರೆ, ತಮ್ಮದೊಂದು ಪೊಟ್ಟಣವನ್ನು ಕೊಂಡು ಸಮಾಧಾನ ಹೇಳುವ ಸಜ್ಜನರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಇಷ್ಟಾಗಿಯೂ ತಮ್ಮ ಕೀರ್ತಿಗೆ ಕುಂದು ತರುವಂಥ ಒಂದು ವರ್ತಮಾನವನ್ನು ವಿಷಾದಪೂರ್ವಕವಾಗಿ ನಿವೇದಿಸಬೇಕಾಗಿದೆ. ನನಗೆ ಗೊತ್ತಿರುವ ಒಬ್ಬ ಹುಡುಗ ತರಗತಿಯಲ್ಲಿ ಪ್ಲಾಸ್ಟಿಕ್ಕಿನ ತೂಕದ ಬೊಟ್ಟುಗಳನ್ನಿಟ್ಟು ಕಿಲೋ, ಅರ್ಧ ಕಿಲೋ ಎಂದು ವರ್ಷಗಟ್ಟಲೆ ಕಲಿತು, ಸೋದರಮಾವನ ದಿನಸಿ ಅಂಗಡಿಯಲ್ಲಿ ನಿಜವಾದ ತಕ್ಕಡಿಯನ್ನು ಕಂಡ ದಿನ ಕಕ್ಕಾಬಿಕ್ಕಿಯಾದನು. ಒಂದೆಡೆ ಕಲಿತದ್ದು ಇನ್ನೊಂದೆಡೆಗೆ ತಾನಾಗಿ ನಡೆದುಹೋಗದಿರುವುದು ಇಂಥವರ ಕಲಿಕೆಯ ಸ್ವಭಾವವೆಂದು ವಿಶೇಷ ಶಿಕ್ಷಕರೆಲ್ಲರೂ ಬಲ್ಲರು. ಬಲ್ಲವರಾದ್ದರಿಂದಲೇ ತರಗತಿಯಲ್ಲಿ ಮಾತ್ರ ಕಲಿಸುತ್ತಾರೆಂದು ತೋರುತ್ತದೆ. ಅವನ ಟೀಚರೊಬ್ಬರು ಮಾತ್ರ, ಯಾವ ಸುತ್ತೋಲೆಯ ಅನುಮತಿಯೂ ಇಲ್ಲದೆ, ಸಂಜೆಯ ಹೊತ್ತು ಆ ಅಂಗಡಿಗೇ ಹೋಗಿ, ಅದೇ ತಕ್ಕಡಿಯ ಮುಂದೆ, ಅದೇ ಬೇಳೆಯ ಮೂಟೆಯ ಪಕ್ಕದಲ್ಲಿ ಅವನೊಡನೆ ನಿಂತರು. ಮೊದಲು ಕೈ ಹಿಡಿದು, ಆಮೇಲೆ ಬೆರಳು ತೋರಿಸಿ, ಕೊನೆಗೆ ಬಾಗಿಲ ಆಚೆ ನಿಂತು ಕಲಿಸಿದರು. ಈಗ ಅವನು ಪೊಟ್ಟಣ ಕಟ್ಟುತ್ತಾನೆ, ಲೋಡು ಬಂದಾಗ ಪೆಟ್ಟಿಗೆಗಳನ್ನು ಎಣಿಸುತ್ತಾನೆ. ಸಾಬೂನೊಂದು ಹೆಸರನ್ನು ಹಿಂದೆ ಮಾಡಿ ಕೂತಿದ್ದರೆ ಗಿರಾಕಿಯನ್ನು ನಿಲ್ಲಿಸಿಯಾದರೂ ತಿರುಗಿಸಿಡುತ್ತಾನೆ. ತಿಂಗಳ ಕೊನೆಗೆ ಮಾವನೊಡನೆ ಸಂಬಳಕ್ಕಾಗಿ ಜಗಳವಾಡುತ್ತಾನೆ. ಅಂಗವಿಕಲ ಕೆಲಸಗಾರರ ಕೂಲಿಯನ್ನು ಸರ್ಕಾರ ಬಯಸಿದರೆ ತನ್ನ ವ್ಯಾಪ್ತಿಯಿಂದ ಹೊರಗಿಡಬಹುದೆಂದು 1948ರ ಕನಿಷ್ಠ ವೇತನದ ಕಾನೂನು ಮುಂದಾಲೋಚನೆಯಿಂದ ಬರೆದಿಟ್ಟಿದ್ದ ಸಂಗತಿ ಅವನ ಕಿವಿಗೆ ಬಿದ್ದಿಲ್ಲವಾಗಿ, ಈ ಜಗಳದಲ್ಲಿ ಅವನೇ ಗೆಲ್ಲುತ್ತಾನೆ.

ಅಂಗಡಿ, ಹೋಟೆಲು, ನರ್ಸರಿ, ಗ್ರಂಥಾಲಯ ಎಂದು ಈ ರೋಗ ಹಬ್ಬಿದರೆ, ಶಾಲೆಯಲ್ಲಿರುವಾಗಲೇ ಹದಿನಾಲ್ಕು ಹದಿನೈದರ ಹುಡುಗರು ಬಸ್ಸು ಹತ್ತಿ ನಿಜವಾದ ಕೆಲಸದ ಜಾಗಗಳಿಗೆ ಹೋಗತೊಡಗಿದರೆ, ಟೀಚರುಗಳು ಅವರ ಹಿಂದೆಯೇ ಹೋಗಿ ಕ್ರಮೇಣ ಹಿಂದೆ ಸರಿಯತೊಡಗಿದರೆ, ತಮ್ಮ ಅಚ್ಚುಗಳನ್ನು ಹೆರೆಯುವವರು ಯಾರು, ಚೀಟಿಗಳನ್ನು ಅಂಟಿಸುವವರು ಯಾರು, ಗಣ್ಯರು ಮಕ್ಕಳ ನಡುವೆ ನಿಂತು ಛಾಯಾಚಿತ್ರ ತೆಗೆಯಿಸಿಕೊಳ್ಳುವುದು ಯಾವ ಮೇಜಿನ ಹಿಂದೆ? ಅಮೆರಿಕದಲ್ಲಿ ವಿಶೇಷ ಶಿಕ್ಷಣದ ವಿದ್ಯಾರ್ಥಿಗೆ ಹದಿನಾರು ತುಂಬುವಷ್ಟರಲ್ಲಿ ಮುಂದಿನ ಜೀವನದ ಯೋಜನೆ ಕಾಗದದ ಮೇಲೆ ಸಿದ್ಧವಾಗಿರಬೇಕೆಂದು ಕಾನೂನೇ ಇದೆಯಂತೆ. ಅಂಥ ಅವಸರ ನಮಗೆ ಬೇಡವೆಂದು ತಾವು ಬೇಗನೆ ಒಂದು ಹೇಳಿಕೆ ಕೊಡುವುದು ಒಳ್ಳೆಯದು.

ಕೊಡದಿರುವ ಪಕ್ಷದಲ್ಲಿ, 1905ರಿಂದ ಬಾಕಿಯಿರುವ ತಮ್ಮ ನಿವೃತ್ತಿಯ ವಿಷಯವನ್ನು ನಾನೇ ಎತ್ತಬೇಕಾಗುತ್ತದೆ. ಅರ್ಜಿಯ ನಮೂನೆಯನ್ನು ಲಗತ್ತಿಸಿದ್ದೇನೆ. ಮೂರು ಪ್ರತಿ ಬೇಕು, ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಬೇಕು; ತಮ್ಮ ಸಹಿ ನಡೆಯದೆಂದು ಬ್ಯಾಂಕಿನವರು ಹೇಳಿದರೆ ತಮ್ಮ ಪಾಲಕರನ್ನು ಕರೆತರತಕ್ಕದ್ದು.

ಇತಿ ತಮ್ಮ ವಿಧೇಯ,
ಪ್ರತಿ ದೀಪಾವಳಿಗೂ ತಮ್ಮನ್ನು ತಪ್ಪದೆ ಕೊಳ್ಳುವ ಒಬ್ಬ ಗಿರಾಕಿ