ಒಳಬಾಡಿಗೆ: ಸೊಸೈಟಿ ಕಮಿಟಿಗೆ ತಜ್ಞನ ವರದಿ

ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ದಾಖಲೆಯಿಲ್ಲದೆ ವಾಸವಿರುವವರ ಪಟ್ಟಿ ತಯಾರಿಸಲು ಕಮಿಟಿ ನನಗೆ ಹೇಳಿತ್ತು. ಊರು ಬಿಟ್ಟು ಇಲ್ಲಿಗೆ ಬಂದು ಕೂದಲು ನರೆತರೂ ‘ಬಾಹೇರ್‌ಚೆ’, ಅಂದರೆ ಹೊರಗಿನವರು, ಎನಿಸಿಕೊಂಡಿರುವ ನನಗೆ ಈ ವಿಷಯದಲ್ಲಿ ಸಾಕಷ್ಟು ಅನುಭವವಿದೆ. ಮೂರನೇ ಮಹಡಿಯ ಬ್ಯಾಚಲರ್ ಹುಡುಗರಿಂದ ತನಿಖೆ ಶುರು ಮಾಡಿದೆ. ಅವರ ಸಿಂಕಿನ ಕೆಳಗೆ ಸಿಕ್ಕವನ ಎದುರು ಹುಡುಗರದು ಲೆಕ್ಕಕ್ಕೇ ಇಲ್ಲ.

ಹೆಸರು ಬ್ಲಾಟಬ್ಯಾಕ್ಟೀರಿಯಂ. ವಿಳಾಸ: ಜಿರಳೆಯ ಕೊಬ್ಬಿನ ಜೀವಕೋಶಗಳ ಒಳಗೆ. ವಾಸ: ಕನಿಷ್ಠ 14 ಕೋಟಿ ವರ್ಷ. ನಮ್ಮಲ್ಲಿ ಲೀವ್ ಆಂಡ್ ಲೈಸೆನ್ಸ್ ಕೊಡುವುದು 11 ತಿಂಗಳಿಗೆ. ಪೊಲೀಸ್ ವೆರಿಫಿಕೇಶನ್ ಆಗಿಲ್ಲ. ಮಾಲೀಕ ಜಿರಳೆ ಸತ್ತಾಗ ಹೊಸ ಅಗ್ರಿಮೆಂಟ್ ಕೂಡ ಇಲ್ಲ. ತಾಯಿ ಜಿರಳೆಯ ಮೊಟ್ಟೆಯಲ್ಲೇ ಕೂತು ಮುಂದಿನ ಪೀಳಿಗೆಗೆ ದಾಟಿಬಿಡುತ್ತಾನೆ. ಟ್ರಾನ್ಸ್‌ಫರ್ ಫೀ ಎಷ್ಟು ಮುಳುಗಿದೆಯೆಂದು ಖಜಾಂಚಿಗಳೇ ಲೆಕ್ಕ ಹಾಕಲಿ.

ಬಾಡಿಗೆ ಕೊಡುತ್ತಾನೆಯೇ? ಕೊಡುತ್ತಾನೆ, ಅದೇ ತಲೆನೋವು. ಜಿರಳೆ ತನ್ನ ಯೂರಿಕ್ ಆಮ್ಲವನ್ನು ಹೊರಗೆ ಚೆಲ್ಲದೆ ಕೊಬ್ಬಿನಲ್ಲೇ ಕೂಡಿಡುತ್ತದೆ. ಅದು ಒಡೆದು ಬರುವ ಯೂರಿಯಾ, ಅಮೋನಿಯಾಗಳಿಂದ ಈತ ಅಮೈನೋ ಆಮ್ಲಗಳನ್ನೂ ಜೀವಸತ್ವಗಳನ್ನೂ ಮಾಡಿಕೊಡುತ್ತಾನೆ. ಕಲ್ಯಾಣದ ಆಧಾರವಾಡಿಯಲ್ಲಿ ಕಸದ ಬೆಟ್ಟವಾಗಿ ಬೆಳೆದ ಸಮಸ್ಯೆಯನ್ನು ಜಿರಳೆ ಮನೆಯೊಳಗೇ ಮುಗಿಸಿಕೊಂಡಿದೆ, ಟೆಂಡರ್ ಕರೆಯದೆ. ಹೊರಹಾಕಿದರೆ ಏನಾಗುತ್ತದೆಂದೂ ನೋಡಿದ್ದಾರೆ: 1955ರ ಹೊತ್ತಿಗೇ ಅಮೆರಿಕದಲ್ಲಿ ಈತನಿಲ್ಲದ ಜಿರಳೆಗಳನ್ನು ಸಾಕಿದರು. ಮರಿಗಳು ಬಣ್ಣಗೆಟ್ಟು, ಬೆಳೆಯಲಾರದೆ ಸೊರಗಿದವು. ಮಾಲೀಕನೇ ಬಾಡಿಗೆದಾರನ ಆಶ್ರಯದಲ್ಲಿರುವುದು ಬೈಲಾಗೆ ವಿರುದ್ಧ.

ಕಾರ್ಪೆಟ್ ಏರಿಯಾ ಕೂಡ ಅಳೆದಿದ್ದೇನೆ. ಹೊರಗೂ ಬದುಕಬಲ್ಲ ಇ. ಕೋಲೈ ಬ್ಯಾಕ್ಟೀರಿಯದ ಜೀನೋಮಿನಲ್ಲಿ ಸುಮಾರು 46 ಲಕ್ಷ ಅಕ್ಷರಗಳಿದ್ದರೆ ಈತನದರಲ್ಲಿ ಆರು ಲಕ್ಷ ಚಿಲ್ಲರೆ. ಸಾಮಾನೆಲ್ಲ ಮಾರಿ ಒನ್ ಆರ್‌ಕೆಗೆ ಇಳಿದಿದ್ದಾನೆ; ಇನ್ನು ಹೊರಗೆ ಹೋಗುವಂತಿಲ್ಲ.

ವಾಶಿಯ ನೆಂಟರ ಬಾಲ್ಕನಿಯಲ್ಲಿ, ನಿಂಬೆ ಗಿಡದ ಹಿಟ್ಟು ತಿಗಣೆಯಲ್ಲಿ ಕಂಡದ್ದು ಇನ್ನೂ ಗಂಭೀರ. ಅದರ ಜೀವಕೋಶದೊಳಗೆ ಟ್ರೆಂಬ್ಲಾಯ ಎಂಬ ಬ್ಯಾಕ್ಟೀರಿಯ. ಆ ಬ್ಯಾಕ್ಟೀರಿಯದೊಳಗೆ ಮೊರನೆಲ್ಲ ಎಂಬ ಇನ್ನೊಂದು. ಸ್ಪಷ್ಟವಾಗಿ ಒಳಬಾಡಿಗೆ, 2001ರಲ್ಲೇ ಬಯಲಾಗಿದೆ. ಕೆಲವು ಅಮೈನೋ ಆಮ್ಲಗಳನ್ನು ಮಾಡಲು ಇಬ್ಬರ ಸಹಿ ಸಾಲದು, ತಿಗಣೆಯದೂ ಬೇಕು. ನೋಟಿಸ್ ಯಾರ ಬಾಗಿಲಿಗೆ ಅಂಟಿಸುವುದು? ಮೊದಲು ಬಾಗಿಲು ಯಾರದೆಂದು ತೀರ್ಮಾನವಾಗಲಿ.

ಥಾಣೆಯ ಗಟಾರಗಳಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೊಳಗಿರುವ ವೊಲ್ಬಾಕಿಯ ಮಾತ್ರ ಬಾಡಿಗೆದಾರನಲ್ಲ, ಸ್ವತಃ ಕಮಿಟಿ. 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಇದನ್ನು ಗುರುತಿಸಿದರು. ತಾಯಿಯ ಮೊಟ್ಟೆಯ ಮೂಲಕವಷ್ಟೇ ಇದರ ವಂಶ ಮುಂದುವರಿಯುವುದರಿಂದ ಗಂಡಿನಿಂದ ಇದಕ್ಕೆ ಆದಾಯವಿಲ್ಲ. ಹಾಗಾಗಿ ನಿಯಮ ಸರಳ: ತಾನಿರುವ ಗಂಡು ತಾನಿಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಎನ್‌ಒಸಿ ಇಲ್ಲದೆ ಮದುವೆಯಾದದ್ದರ ಫಲ. ಕೆಲವು ಚಿಟ್ಟೆಗಳಲ್ಲಿ ಗಂಡುಮಕ್ಕಳನ್ನೇ ಕೊಂದುಬಿಡುತ್ತದೆ. ಇದು ನನಗೂ ಅತಿಯೆನಿಸಿತು. ಆ ಎನ್‌ಒಸಿ ನಿಯಮವನ್ನು ಸೊಳ್ಳೆಗಳ ಮೇಲೆಯೇ ತಿರುಗಿಸಿ 1967ರಲ್ಲಿ ಬರ್ಮಾದ ಓಕ್ಪೊ ಹಳ್ಳಿಯ ಕ್ಯೂಲೆಕ್ಸ್ ಸಂತಾನವನ್ನೇ ನಿಲ್ಲಿಸಿದ್ದರು.

ಡೆಂಗಿಯ ಈಡಿಸ್ ಈಜಿಪ್ಟಿ ಸೊಳ್ಳೆಯಲ್ಲಿ ವೊಲ್ಬಾಕಿಯ ಸಹಜವಾಗಿ ಇರುವುದಿಲ್ಲ. ಇದ್ದರೆ ಅದರೊಳಗೆ ಡೆಂಗಿ ವೈರಸ್ ಬೆಳೆಯುವುದು ಕಷ್ಟ. ಯೋಗ್ಯಕರ್ತದಲ್ಲಿ ಅಂಥ ಸೊಳ್ಳೆಗಳನ್ನು ಬಿಟ್ಟ ಬಡಾವಣೆಗಳಲ್ಲಿ ಡೆಂಗಿ ಶೇ. 77ರಷ್ಟು ಇಳಿಯಿತು. ನಮ್ಮ ಪುದುಚೇರಿಯ ಐಸಿಎಂಆರ್ ಕೇಂದ್ರವೂ ಅಂಥ ತಳಿ ಸಿದ್ಧಪಡಿಸಿರುವುದಾಗಿ 2022ರಲ್ಲಿ ಹೇಳಿದೆ. ಅಂದರೆ ಸರ್ಕಾರಿ ಖರ್ಚಿನಲ್ಲಿ ಹೊರಗಿನವನನ್ನು ಕರೆತಂದು ಕೂರಿಸುವ ಏರ್ಪಾಟು. ಕಮಿಟಿ ಖಂಡನಾ ನಿರ್ಣಯ ಬರೆದಿಟ್ಟುಕೊಳ್ಳಲಿ. ಕಳಿಸುವುದನ್ನು ಮಳೆಗಾಲ ಮುಗಿದ ಮೇಲೆ ನೋಡೋಣ.

ಕೊನೆಯದಾಗಿ ಒಂದು ಸೂಕ್ಷ್ಮ ಸಂಗತಿ. ವೊಲ್ಬಾಕಿಯದ ದೂರದ ಸಂಬಂಧಿಯೊಂದು 150 ಕೋಟಿ ವರ್ಷಗಳಿಗೂ ಹಿಂದೆ ನಮ್ಮ ಪೂರ್ವಜರ ಜೀವಕೋಶ ಹೊಕ್ಕಿತು. ಈಗ ಮೈಟೊಕಾಂಡ್ರಿಯ ಎಂಬ ಹೆಸರಿನಲ್ಲಿದೆ. ಉಳಿದಿರುವ ಸಾಮಾನು 16,569 ಅಕ್ಷರ. ಬರುವುದು ತಾಯಿಯ ಕಡೆಯಿಂದಲೇ. ಸೆಕ್ರೆಟರಿ ಸಾಹೇಬರೂ ಸೇರಿದಂತೆ ಕಮಿಟಿಯ ಯಾರ ಬಳಿಯೂ ಇದರ ಕಾಗದಪತ್ರವಿಲ್ಲ. ಕೋರಂ ಎಣಿಸುವಾಗ ಇವರನ್ನೂ ಸೇರಿಸಬೇಕೇ ಎಂದು ಉಪನಿಬಂಧಕರ ಕಚೇರಿಯಲ್ಲಿ ವಿಚಾರಿಸಿ ತಿಳಿಸುತ್ತೇನೆ.