ಕಟ್ಟು ಹಾಕಿಸಿದ ಮಿಶ್ರಮಾಧ್ಯಮ: ಲಕ್ಷಣ, ಪರಂಪರೆ ಮತ್ತು ಪ್ರಯೋಗ

ಎಸೆಯಲು ಮನಸ್ಸು ಬಾರದ ವಸ್ತುಗಳನ್ನು, ಎಸೆಯಲು ಮನಸ್ಸು ಬಾರದ ಇನ್ನೊಂದು ವಸ್ತುವಿನ ಮೇಲೆ ಅಂಟಿಸಿ, ಗಾಜು ಮುಚ್ಚಿ ಗೋಡೆಗೆ ತೂಗುಹಾಕಿದರೆ ಅದು ಮಿಶ್ರಮಾಧ್ಯಮ ಕಲಾಕೃತಿ. ಈ ಲಕ್ಷಣವನ್ನು ತರ್ಕದ ಒರೆಗೆ ಹಚ್ಚಿದಾಗ ಅವ್ಯಾಪ್ತಿಯಾಗಲಿ ಅಸಂಭವವಾಗಲಿ ಕಾಣುವುದಿಲ್ಲ. ಅತಿವ್ಯಾಪ್ತಿ ಮಾತ್ರ ಕೊಂಚ ಕಾಡುತ್ತದೆ. ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡೂ ಇದೇ ಲಕ್ಷಣಕ್ಕೆ ಒಳಪಡುತ್ತದಲ್ಲ ಎಂಬುದು ಪೂರ್ವಪಕ್ಷ. ಸಮಾಧಾನ ಹೀಗೆ: ನೋಟಿಸ್ ಬೋರ್ಡಿನ ಗಾಜಿಗೆ ಬೀಗವಿರುತ್ತದೆ, ಕೀಲಿಕೈ ಇರುವುದಿಲ್ಲ, ಕಲಾಕೃತಿಯ ಗಾಜಿಗೆ ಬೀಗವೇ ಇರುವುದಿಲ್ಲ. ಆದ್ದರಿಂದ ಲಕ್ಷಣ ಸಾಧು.

ಈ ಜಾತಿಯಲ್ಲಿ ಕರಕುಶಲ ಸ್ಟುಡಿಯೋದ ಗೋಡೆಗೆಂದೇ ತಯಾರಾಗುವ ಒಂದು ಉಪಜಾತಿಯಿದೆ. ಸ್ಟುಡಿಯೋ ಎಂದರೆ ಮಹಡಿಯ ಮೇಲಿನ ಕೋಣೆ. ಮೊದಲು ಅದಕ್ಕೆ ಸಾಮಾನು ರೂಮು ಎಂಬ ಹೆಸರಿತ್ತು. ಸಾಮಾನು ಈಗಲೂ ಅಲ್ಲೇ ಇದೆ. ಇಲ್ಲಿ ಏನೋ ತಯಾರಾಗುತ್ತದೆ ಎಂದು ಬಂದವರಿಗೆ ಮನವರಿಕೆಯಾಗಬೇಕಾದರೆ ಗೋಡೆಯ ಮೇಲೆ ಏನಾದರೂ ಇರಬೇಕು. ಗೋಡೆಯ ಮೇಲೆ ಏನಾದರೂ ಇರಬೇಕಾದರೆ ಇಲ್ಲಿ ಏನಾದರೂ ತಯಾರಾಗಿರಬೇಕು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತಾರೆ. ಕರಕುಶಲಿಗರು ಭಾನುವಾರ ಎನ್ನುತ್ತಾರೆ.

ಪರಂಪರೆಯ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದ್ದಿದ್ದರೆ ಅವರಿಗೆ ಕೆಲಸವಿರುತ್ತಿರಲಿಲ್ಲ. ಪಾಶ್ಚಾತ್ಯ ಪಂಥದ ಪ್ರಕಾರ ಎಲ್ಲವೂ 1912ರಲ್ಲಿ ಶುರು. ಆ ವರ್ಷ ಪಾಬ್ಲೊ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚುಹಾಕಿದ್ದ ಆಯಿಲ್‌ಕ್ಲಾತ್ ತುಂಡೊಂದನ್ನು ಕ್ಯಾನ್‌ವಾಸಿಗೆ ಅಂಟಿಸಿ, ಮೇಲಷ್ಟು ಬಣ್ಣ ಹಚ್ಚಿ, ಆ ಅಂಡಾಕಾರದ ಚಿತ್ರದ ಸುತ್ತ ಚೌಕಟ್ಟಿನ ಬದಲು ಹಗ್ಗ ಸುತ್ತಿದ. ಬರೆಯುವುದು ಬೇಸರವಾದರೆ ಅಂಟಿಸಬಹುದು, ಕಟ್ಟು ದುಬಾರಿಯಾದರೆ ಹಗ್ಗ ಸಾಕು ಎಂಬ ಎರಡು ಸಿದ್ಧಾಂತಗಳು ಏಕಕಾಲಕ್ಕೆ ಸ್ಥಾಪಿತವಾದವು. ಅದೇ 1912ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಫ್ರಿಟ್ಸ್ ಕ್ಲಾಟೆ ಪಾಲಿವಿನೈಲ್ ಅಸಿಟೇಟ್ ಎಂಬ ಪದಾರ್ಥವನ್ನು ಕಂಡುಹಿಡಿದ. ಇಂದು ಅಂಗಡಿಯಲ್ಲಿ ಸಿಗುವ ಬಿಳಿ ಅಂಟಿನ ಜೀವಾಳ ಅದೇ. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವವರಿದ್ದಾರೆ. ಅಂಟಿಸುವ ಚಪಲವೂ ಅಂಟೂ ಒಂದೇ ವರ್ಷ ಹುಟ್ಟಿದ್ದನ್ನು ಹಾಗೆ ತಳ್ಳಿಹಾಕಿದರೆ ಪ್ರಬಂಧಕಾರರಿಗೆ ಒಂದು ಅಧ್ಯಾಯವೇ ಕೈತಪ್ಪುತ್ತದೆ.

ದೇಸಿ ಪಂಥ ಇದನ್ನು ಒಪ್ಪುವುದಿಲ್ಲ. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಛಾಪಾಚಿತ್ರಗಳು ಮನೆಮನೆಗೆ ಬಂದವು. ಬಂದವುಗಳಿಗೆ ಹೆಂಗಸರು ಜರಿ ಹಚ್ಚಿದರು, ಸೀರೆಯ ಜಾಗಕ್ಕೆ ನಿಜವಾದ ಬಟ್ಟೆ ಅಂಟಿಸಿದರು, ಕಿರೀಟಕ್ಕೆ ಚಮಕಿ, ಕೊರಳಿಗೆ ಮಣಿ ಕೂರಿಸಿ ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟರು. ಪ್ಯಾರಿಸ್ಸಿನಲ್ಲಿ ಕ್ರಾಂತಿ ಎನಿಸಿಕೊಂಡ ಕೆಲಸ ಇಲ್ಲಿ ಶುಕ್ರವಾರದ ಮಧ್ಯಾಹ್ನದ ಬಿಡುವಿನಲ್ಲಿ ನಡೆಯುತ್ತಿತ್ತು. ವ್ಯತ್ಯಾಸ ಇಷ್ಟೇ: ಅಲ್ಲಿನದಕ್ಕೆ ವಿಮರ್ಶಕರು ಸಿಕ್ಕರು, ಇಲ್ಲಿನದಕ್ಕೆ ಊದುಬತ್ತಿ. ಇವೆರಡಕ್ಕೂ ಸೇರದ ಮೂರನೆಯ ಸಾಕ್ಷಿ ಇಂಗ್ಲೆಂಡಿನ ಮೇರಿ ಡೆಲಾನಿ. ಈಕೆ ತನ್ನ ಎಪ್ಪತ್ತರ ಹರೆಯ ದಾಟಿದ ಮೇಲೆ, 1772ರ ಸುಮಾರಿಗೆ, ಬಣ್ಣದ ಕಾಗದವನ್ನು ಸಣ್ಣಸಣ್ಣ ಚೂರಾಗಿ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಹೂಗಳನ್ನು ಅಂಟಿಸತೊಡಗಿ, ಕಣ್ಣು ಮಂಜಾಗುವಷ್ಟರಲ್ಲಿ ಸಾವಿರದ ಹತ್ತಿರ ಮುಟ್ಟಿಸಿದಳು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಿವೃತ್ತಿಯ ನಂತರ ಏನಾದರೂ ಮಾಡುತ್ತೇವೆ ಎನ್ನುವವರು ಈಕೆಯ ಹೆಸರನ್ನು ಹೇಳುವ ಮೊದಲು ಕತ್ತರಿ ಕೊಂಡಿರತಕ್ಕದ್ದು.

ಇನ್ನು ದ್ರವ್ಯನಿರೂಪಣೆ. ಮಿಶ್ರಮಾಧ್ಯಮದ ದ್ರವ್ಯವನ್ನು ಕೊಳ್ಳುವುದಿಲ್ಲ, ಅದು ಒದಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಮಣಿ, ಲೇಸು, ಜರಿ ಕೊಂಡು ತಂದವರನ್ನು ಶಾಸ್ತ್ರಕಾರರು ಗಿರಾಕಿ ಎಂದಷ್ಟೇ ಕರೆಯುತ್ತಾರೆ. ನಿಜವಾದ ದ್ರವ್ಯ ಮನೆಯಲ್ಲೇ ಇರುತ್ತದೆ: ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂಡಿಟ್ಟ ಜೊತೆಯಿಲ್ಲದ ಗುಂಡಿಗಳು, ಮೈ ಹರಿದರೂ ಸೆರಗು ಗಟ್ಟಿಯಿರುವ ಇಳಕಲ್ ಸೀರೆ, ಹೊಲಿಗೆ ಮಿಷನ್ನಿನ ತುಕ್ಕು ಹಿಡಿದ ಬಾಬಿನ್, ನಿಂತ ಗಡಿಯಾರದ ಹಲ್ಲುಚಕ್ರ. ಇವುಗಳಲ್ಲಿ ಲಗ್ನಪತ್ರಿಕೆಗೆ ಅಗ್ರಸ್ಥಾನ. ಮದುವೆ ಮುಗಿದು, ಮಕ್ಕಳಾಗಿ, ಆ ಮಕ್ಕಳ ನಾಮಕರಣದ ಕಾರ್ಡೂ ಬಂದಿರುತ್ತದೆ. ಆದರೂ ಲಗ್ನಪತ್ರಿಕೆಯನ್ನು ಹರಿಯುವಂತಿಲ್ಲ, ಅದರ ಮೇಲೆ ಗಣಪತಿಯಿದ್ದಾನೆ. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಉಳಿದಿರುತ್ತದೆ. ಚಿನ್ನದ ಬಣ್ಣದಲ್ಲಿ ಉಬ್ಬಿ ನಿಂತ ಆ ಗಣಪತಿಯನ್ನು ಅಂಚಿಗುಂಟ ಕತ್ತರಿಸಿ ಕಲಾಕೃತಿಯ ನಡುವೆ ಸ್ಥಾಪಿಸುವುದು ಅನುಭವಿಗಳ ಮಾರ್ಗ. ಇದರಿಂದ ಎರಡು ಪ್ರಯೋಜನ. ನಡುವೆ ಏನಿಡುವುದೆಂಬ ಪ್ರಶ್ನೆ ಬಗೆಹರಿಯುತ್ತದೆ. ಮುಂದೆ ಆ ಕೃತಿಯನ್ನು ಎತ್ತಿ ಎಸೆಯಲು ಮನೆಯಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ.

ಟಿಕೆಟ್ಟು ಇನ್ನೊಂದು ಮುಖ್ಯ ದ್ರವ್ಯ. ಜರ್ಮನಿಯ ಕುರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟ್, ಹೊದಿಕೆ ಕಾಗದ, ತಂತಿ, ಮರದ ಚೂರುಗಳಿಂದಲೇ ಹೆಸರಾದವನು. ಬ್ಯಾಂಕೊಂದರ ಜಾಹೀರಾತಿನಲ್ಲಿದ್ದ ‘ಕೊಮರ್ಜ್’ ಎಂಬ ಪದದಿಂದ ‘ಮೆರ್ಜ್’ ಎಂಬಷ್ಟನ್ನು ಮಾತ್ರ ಕತ್ತರಿಸಿಕೊಂಡು 1919ರಿಂದ ತನ್ನ ಕಲೆಗೆಲ್ಲ ಅದೇ ಹೆಸರಿಟ್ಟ. ಕನ್ನಡನಾಡಿನ ಬಸ್ ಟಿಕೆಟ್ಟಿಗೆ ಆ ಟ್ರಾಮ್ ಟಿಕೆಟ್ಟಿಗಿಲ್ಲದ ಒಂದು ಗುಣವಿತ್ತು: ಹಿಂಬದಿಯಲ್ಲಿ ಕಂಡಕ್ಟರು ಬಾಲ್‌ಪೆನ್ನಿನಿಂದ ಬರೆದು ಸುತ್ತುಹಾಕಿದ ಚಿಲ್ಲರೆ ಬಾಕಿ. ಇಳಿಯುವಾಗ ಕೇಳಲು ಮರೆತ ಆ ನಾಲ್ಕು ರೂಪಾಯಿ ಕೃತಿಗೆ ಕರುಣರಸವನ್ನು ತುಂಬುತ್ತದೆ. ಯಂತ್ರದಿಂದ ಬರುವ ಈಗಿನ ಟಿಕೆಟ್ಟು ಮಾತ್ರ ಈ ಕೆಲಸಕ್ಕೆ ಒದಗದು. ಅದು ಶಾಖಕ್ಕೆ ಕಪ್ಪಾಗುವ ಕಾಗದ. ಬೆಳಕು ಬೀಳುವ ಗೋಡೆಯಲ್ಲಿ ಕೆಲವೇ ತಿಂಗಳಿಗೆ ಅಕ್ಷರ ಅಳಿಸಿ ಹೋಗಿ ಬಿಳಿ ಚೀಟಿ ಉಳಿಯುತ್ತದೆ. ಅದನ್ನು ಶೂನ್ಯವಾದ ಎಂದು ಸಮರ್ಥಿಸಿದವರುಂಟು. ನವಿಲುಗರಿಯ ಬಗ್ಗೆ ಒಂದು ಮಾತು: ತಾನಾಗಿ ಉದುರಿದ ಗರಿಗೆ ದೇಶದೊಳಗೆ ಅಡ್ಡಿಯಿಲ್ಲ, ರಫ್ತಿಗೆ ಇದೆ. ಅಮೆರಿಕದಲ್ಲಿರುವ ಮಗಳಿಗೆ ಕೃತಿಯನ್ನು ಕಳಿಸುವ ಯೋಚನೆಯಿದ್ದವರು ಗರಿಯ ಜಾಗದಲ್ಲಿ ಗುಂಡಿ ಕೂರಿಸುವುದು ಲೇಸು.

ಅಂಟಿನ ಅಧ್ಯಾಯದಲ್ಲೇ ಹೆಚ್ಚಿನ ಕೃತಿಗಳು ಕೆಡುತ್ತವೆ, ಆದ್ದರಿಂದ ಇಲ್ಲಿ ನಿಧಾನ ಬೇಕು. ಪ್ರಾಚೀನರದು ಮೈದಾ ಅಂಟು. ಬೈಂಡಿಂಗಿನವರು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಬೆರೆಸದಿದ್ದರೆ ಜಿರಳೆಗಳು ಕೃತಿಯ ಕುರಿತು ತಮ್ಮ ಅಭಿಪ್ರಾಯವನ್ನು ಅಂಚಿನಿಂದ ಶುರುಮಾಡುತ್ತವೆ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಮೈದಾ ಅಡುಗೆಮನೆಗೆ ಹಿಂತಿರುಗಿತು. ಬಿಳಿ ಅಂಟು ಕಾಗದ, ಬಟ್ಟೆ, ಮರಕ್ಕೆ ಸರಿ, ಏಕೆಂದರೆ ಅದರಲ್ಲಿನ ನೀರು ಹೀರಿಹೋಗಬೇಕು. ಗಾಜು, ಲೋಹ ನೀರನ್ನು ಹೀರುವುದಿಲ್ಲ, ಹಾಗಾಗಿ ಹಲ್ಲುಚಕ್ರಕ್ಕೆ ಎರಡು ಟ್ಯೂಬು ಕಲಸುವ ಎಪಾಕ್ಸಿ ಅಂಟೇ ಬೇಕು. ಒದ್ದೆ ಕಾಗದ ಒಣಗುತ್ತ ಕುಗ್ಗಿ ರಟ್ಟನ್ನು ತನ್ನತ್ತ ಎಳೆಯುತ್ತದೆ. ಬೆಳಗಾಗುವಷ್ಟರಲ್ಲಿ ರಟ್ಟು ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಹಿಂಬದಿಗೂ ಅಷ್ಟೇ ಅಳತೆಯ ಕಾಗದವನ್ನು ಅದೇ ಅಂಟಿನಿಂದ ಹಚ್ಚಿ, ಭಾರ ಹೇರಿ ಒಣಗಿಸಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಭಾರಕ್ಕೆ ನಿಘಂಟುಗಳನ್ನು ಶಿಫಾರಸು ಮಾಡಲಾಗಿದೆ. ಅನೇಕ ಮನೆಗಳಲ್ಲಿ ಅವುಗಳ ಬಳಕೆಯ ಏಕೈಕ ದಾಖಲೆ ಇದು. ಪತ್ರಿಕೆಯ ಕಾಗದವನ್ನು ಹಿನ್ನೆಲೆಗೆ ಹಚ್ಚುವವರು ಅದರಲ್ಲಿನ ಲಿಗ್ನಿನ್ ಬೆಳಕಿಗೆ ಹಳದಿಯಾಗುವುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಹಳದಿಯಾದ ಮೇಲೆ ಅದನ್ನು ಹಳಮೆಯ ಸೊಗಸು ಎಂದು ಬಣ್ಣಿಸುವುದು ರೂಢಿ.

ಕಟ್ಟು ಹಾಕಿಸುವುದೇ ಸಂಸ್ಕಾರ. ಅದಕ್ಕೆ ಮುಂಚೆ ಮೇಜಿನ ಮೇಲಿರುವುದು ಕಸ, ಅನಂತರ ಗೋಡೆಯ ಮೇಲಿರುವುದು ಕಲೆ. ನಡುವೆ ಇರುವುದು ನಾಲ್ಕು ಪಟ್ಟಿ ಬೀಡಿಂಗ್ ಮಾತ್ರ. ಫ್ರೇಮಿನ ಅಂಗಡಿಯವನು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ದಪ್ಪ ಇದೆ?’ ಮಾಮೂಲಿ ಫೋಟೋ ಕಟ್ಟಿನಲ್ಲಿ ಬಾಬಿನ್ ಕೂರುವುದಿಲ್ಲ. ಡಬ್ಬಿಯಂತೆ ಆಳವಿರುವ ಬಾಕ್ಸ್ ಫ್ರೇಮ್ ಬೇಕು. ಗಾಜು ಕೃತಿಗೆ ತಾಗಕೂಡದು, ತಾಗಿದರೆ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಹತ್ತಿಕೊಂಡು ಬಿಡಿಸುವಾಗ ಬಣ್ಣ ಕಿತ್ತುಬರುತ್ತದೆ. ಗಾಜು ಹಾಕಿ ಹಿಂಬದಿಗೆ ಟೇಪು ಸುತ್ತಿ ಮೊಳೆ ಹೊಡೆದ ಕ್ಷಣದಲ್ಲೇ ಒಳಗೊಂದು ಕೂದಲೆಳೆ ಕಾಣಿಸುತ್ತದೆ. ಇದಕ್ಕೆ ಪರಿಹಾರವಿಲ್ಲ. ಮಾಧ್ಯಮಗಳ ಪಟ್ಟಿಯಲ್ಲಿ ಅದನ್ನೂ ಸೇರಿಸತಕ್ಕದ್ದು.

ತೂಗುಹಾಕುವ ಎತ್ತರದಲ್ಲೂ ಮತಭೇದವಿದೆ. ಕೃತಿಯ ನಡುಮಧ್ಯ ನೆಲದಿಂದ ಸುಮಾರು 57 ಇಂಚು, ಅಂದರೆ ನೋಡುವವರ ಕಣ್ಣಿನ ಮಟ್ಟದಲ್ಲಿ ಬರಬೇಕೆಂಬುದು ಗ್ಯಾಲರಿಗಳ ರೂಢಿ. ಕನ್ನಡದ ಹಳೆಯ ಮನೆಗಳ ರೂಢಿ ಬೇರೆ: ಬಾಗಿಲ ತಲೆಪಟ್ಟಿಗಿಂತ ಮೇಲೆ, ಸೂರಿನ ಹತ್ತಿರ, ಮುಂದಕ್ಕೆ ಬಾಗಿಸಿ. ಅಲ್ಲಿಂದ ಪಟದೊಳಗಿನ ಹಿರಿಯರು ಎಲ್ಲರನ್ನೂ ನೋಡುತ್ತಾರೆ, ಅವರನ್ನು ಯಾರೂ ನೋಡುವುದಿಲ್ಲ. ಸ್ಟುಡಿಯೋದಲ್ಲಿ ಈ ಎರಡನ್ನೂ ಬಿಟ್ಟು ಹಳೆಯ ಕ್ಯಾಲೆಂಡರಿನ ಮೊಳೆ ಎಲ್ಲಿದೆಯೋ ಅಲ್ಲೇ ತೂಗುಹಾಕುತ್ತಾರೆ. ಹೊಸ ಮೊಳೆ ಹೊಡೆಯಲು ಮನೆ ಮಾಲೀಕರ ಒಪ್ಪಿಗೆ ಬೇಕು.

ಕೊನೆಯದು ಬೆಲೆ. ರಾಬರ್ಟ್ ರಾಷೆನ್‌ಬರ್ಗ್ 1959ರಲ್ಲಿ ರಚಿಸಿದ ‘ಕ್ಯಾನ್ಯನ್’ ಎಂಬ ಕೃತಿಯಲ್ಲಿ ಹುಲ್ಲು ತುಂಬಿದ ಬೋಳುತಲೆ ಹದ್ದೊಂದಿದೆ. ಅದನ್ನು ಮಾರುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಮಾರಲಾಗದ್ದರ ಬೆಲೆ ಸೊನ್ನೆ ಎಂದು ಒಡತಿಯ ವಾರಸುದಾರರು ಲೆಕ್ಕ ಕೊಟ್ಟರೆ, ತೆರಿಗೆ ಇಲಾಖೆ 6.5 ಕೋಟಿ ಡಾಲರ್ ಎಂದು ಪಟ್ಟುಹಿಡಿಯಿತು. 2012ರಲ್ಲಿ ಕೃತಿಯನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿಗೆ ದಾನ ಕೊಟ್ಟು ತಕರಾರು ಮುಗಿಸಲಾಯಿತು. ಮಹಡಿ ಕೋಣೆಯ ಕೃತಿಗೆ ಅಂಥ ಗೊಂದಲವಿಲ್ಲ. ಗುಜರಿಯವನ ತಕ್ಕಡಿಯಲ್ಲಿ ಅಲ್ಯೂಮಿನಿಯಂ ಬೀಡಿಂಗಿಗೆ ಕಿಲೋ ಲೆಕ್ಕದಲ್ಲಿ ದರವುಂಟು, ಬಾಬಿನ್ನಿಗೆ ಕಬ್ಬಿಣದ ದರ. ಗಾಜು, ರಟ್ಟು ಮತ್ತು ಗಣಪತಿಯನ್ನು ಅವನು ವಾಪಸು ಕೊಟ್ಟು ಹೋಗುತ್ತಾನೆ.